ಕಿಟ್ ಕಾರ್: ಎಣಿಸಿ ಕೊಟ್ಟದ್ದಕ್ಕೆ ಮಾತ್ರ ಆ ಹೆಸರು

ಕಳೆದ ತಿಂಗಳು ಬದಿಯಡ್ಕದ ಹತ್ತಿರ ಒಂದು ಉಪನಯನದ ಊಟ. ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದರು: "ಭಾವ, ಅಳಿಯನ ಕಿಟ್ ಕಾರ್ ಎಲ್ಲಿವರೆಗೆ ಬಂತು?" ಅದು ಕಿಟ್ ಕಾರ್ ಅಲ್ಲ ಅಂದೆ. "ಮನೇಲೇ ಮಾಡೋದಲ್ವಾ? ಹಾಗಾದ್ರೆ ಕಿಟ್ ಕಾರೇ" ಅಂದರು. ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೆ ನಿಂತಿತು. ಅದೇ ವಾರ ಯಾರೋ ಕಳಿಸಿದ ವೀಡಿಯೊದಲ್ಲಿ, ದಪ್ಪ ಟಯರ್ ಹಾಕಿ ಎತ್ತರಿಸಿದ ಹಳೆ ಜೀಪಿಗೆ 'ನಮ್ಮೂರ ಕಿಟ್ ಕಾರ್' ಅಂತ ಹೆಸರಿತ್ತು. ಎರಡು ದಿನ ಬಿಟ್ಟು ಕುಂಬಳೆಯಲ್ಲಿ ಸಿಕ್ಕ ಪರಿಚಯದವರು ತಮ್ಮ ಕಾರಿನ ಹೊಸ ಬಂಪರ್ ತೋರಿಸಿ, "ಕಿಟ್ ಹಾಕಿಸಿದೆ, ಈಗ ಇದೂ ಕಿಟ್ ಕಾರ್" ಅಂದರು.

ಮೂರೂ ಬೇರೆ ಬೇರೆ ಸಂಗತಿ. ಮೂರಕ್ಕೂ ಒಂದೇ ಹೆಸರು. ಮೂರರಲ್ಲಿ ಒಂದೂ ಕಿಟ್ ಕಾರ್ ಅಲ್ಲ.

ಕಿಟ್ ಕಾರ್ ಅಂದರೆ, ಒಬ್ಬ ತಯಾರಕ ಲೆಕ್ಕ ಹಾಕಿ, ಅಳತೆ ಕೂಡಿಸಿ, ಒಂದಕ್ಕೊಂದು ಹೊಂದುವ ಹಾಗೆ ಮಾಡಿ ಮಾರುವ ಭಾಗಗಳ ಒಂದು ಸೆಟ್. ಕೊಂಡವರು ಅದನ್ನು ಮನೆಯಲ್ಲಿ ಜೋಡಿಸಿ ಕಾರು ಮಾಡಿಕೊಳ್ಳುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಆ್ಯಕ್ಸಲ್ ಕೂಡ ಆ ಸೆಟ್ಟಿನಲ್ಲೇ ಬರಬಹುದು. ಅಥವಾ ಅವನ್ನು ಇಂಥದ್ದೇ ಹಳೆ ಗಾಡಿಯಿಂದ ಬಿಚ್ಚಿಕೊಳ್ಳಿ ಅಂತ ತಯಾರಕನೇ ಹೇಳಿರುತ್ತಾನೆ. ಆ ಹಳೆ ಗಾಡಿಗೆ ಡೋನರ್ ಅನ್ನುತ್ತಾರೆ. ಹೇಗಿದ್ದರೂ ಯೋಚನೆಯ ಕೆಲಸ ಮೊದಲೇ ಮುಗಿದಿರುತ್ತದೆ. ಉಳಿದದ್ದು ಕೈಕೆಲಸ.

ತಪ್ಪು ಶುರುವಾಗುವುದು 'ಕಾರ್' ಅನ್ನುವಲ್ಲಿ ಅಲ್ಲ, 'ಕಿಟ್' ಅನ್ನುವಲ್ಲಿ. ಹಾಗಾಗಿ ಆ ಪದದ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು.

ಇಂಗ್ಲಿಷಿನ ಕಿಟ್ ಬಹುಶಃ ಹಳೆಯ ಡಚ್ ಭಾಷೆಯ 'ಕಿಟ್ಟೆ'ಯಿಂದ ಬಂದದ್ದು. ಕಿಟ್ಟೆ ಅಂದರೆ ಮರದ ಪಾತ್ರೆ. ಇಂಗ್ಲಿಷಿನಲ್ಲೂ ಮೊದಲು ಅದಕ್ಕೆ ಇದ್ದ ಅರ್ಥ ಅದೇ: ಹಲಗೆ ಪಟ್ಟಿಗಳನ್ನು ಸುತ್ತ ನಿಲ್ಲಿಸಿ, ಬಳೆ ಹಾಕಿ ಬಿಗಿದ ದುಂಡನೆಯ ತೊಟ್ಟಿ. ನಮ್ಮ ಪೀಪಾಯಿ ಇದೆಯಲ್ಲ, ಅದರ ಮೋಟು ರೂಪ ಅಂತ ಇಟ್ಟುಕೊಳ್ಳಿ. ಆ ಪಾತ್ರೆಯೇ ಒಂದು ಜೋಡಣೆ. ಪ್ರತಿ ಪಟ್ಟಿಯೂ ಪಕ್ಕದ ಪಟ್ಟಿಗೆ ಹೊಂದಬೇಕು. ಒಂದು ಕಮ್ಮಿಯಾದರೂ ನೀರು ನಿಲ್ಲುವುದಿಲ್ಲ. ಇದು ನಿಘಂಟಿನ ಮಾತಲ್ಲ, ನನ್ನ ಯೋಚನೆ. ಆದರೆ ಕಿಟ್ ಕಾರಿನ ವಿಷಯಕ್ಕೆ ಬಂದಾಗಲೆಲ್ಲ ಆ ತೊಟ್ಟಿ ನನ್ನ ಕಣ್ಣ ಮುಂದೆ ಬರುತ್ತದೆ.

ಆಮೇಲೆ ಪದ ಪಾತ್ರೆಯಿಂದ ಪಾತ್ರೆಯೊಳಗಿನ ವಸ್ತುವಿಗೆ ಜಾರಿತು. ಇದು ನಮಗೆ ಹೊಸತಲ್ಲ. "ನಾಲ್ಕು ಗೋಣಿ ಕೊಟ್ಟೆ" ಅಂದರೆ ನಮ್ಮ ಕಡೆ ಖಾಲಿ ಗೋಣಿ ಕೊಟ್ಟದ್ದು ಅಂತ ಯಾರೂ ತಿಳಿಯುವುದಿಲ್ಲ, ಅಡಿಕೆ ಕೊಟ್ಟದ್ದು ಅಂತಲೇ ಅರ್ಥ. 18ನೇ ಶತಮಾನದ ಕೊನೆಗೆ ಕಿಟ್ ಅಂದರೆ ಸಿಪಾಯಿ ತನ್ನ ಚೀಲದಲ್ಲಿ ಹೊರುವ ಸಾಮಾನು ಅಂತಾಯಿತು. 19ನೇ ಶತಮಾನದಲ್ಲಿ ಕೆಲಸಗಾರನ ಹತ್ಯಾರಿನ ಸೆಟ್ಟಿಗೂ ಅದೇ ಹೆಸರು ಬಂತು. 'ಕೊಂಡವರೇ ಜೋಡಿಸಿಕೊಳ್ಳುವ ಸಾಮಾನು' ಅನ್ನುವ ಅರ್ಥ ಸೇರಿದ್ದು 1930ರ ದಶಕದ ಹೊತ್ತಿಗೆ.

ಸಿಪಾಯಿಯ ಕಿಟ್ ಬಗ್ಗೆ ಒಂದು ವಿಷಯ ಗಮನಿಸಿ. ಸೈನ್ಯದಲ್ಲಿ ಕಿಟ್ ತಪಾಸಣೆ ಅಂತ ಇದೆ. ಎಲ್ಲ ಸಾಮಾನನ್ನೂ ಹಾಸಿಗೆ ಮೇಲೆ ಸಾಲಾಗಿ ಹರಡಿ ಇಡಬೇಕು. ಅಧಿಕಾರಿ ಬಂದು ನೋಡುತ್ತಾನೆ. ಪಟ್ಟಿಯಲ್ಲಿ ಇರುವುದು ಹಾಸಿಗೆ ಮೇಲೆ ಇಲ್ಲದಿದ್ದರೆ ಕೇಳುತ್ತಾನೆ. ಪದದ ತಿರುಳು ಇಲ್ಲಿದೆ. ಕಿಟ್ ಅಂದರೆ ಪಟ್ಟಿ ಇರುವ, ಎಣಿಸಲು ಬರುವ, ಪೂರ್ತಿಯಾದ ಸೆಟ್.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇರಬಾರದಿತ್ತು. 2020ರ ಲಾಕ್‌ಡೌನ್ ಕಾಲದಲ್ಲಿ ಕೇರಳ ಸರ್ಕಾರ ರೇಶನ್ ಅಂಗಡಿಯಲ್ಲಿ ಕೊಟ್ಟ ಸಾಮಾನಿನ ಚೀಲ ನೆನಪಿದೆ ಅಲ್ವಾ? ಆಮೇಲೆ ಓಣಂ ಕಿಟ್. "ಕಿಟ್ ಸಿಕ್ಕಿತಾ?" ಅನ್ನುವುದು ಆಗ ದಾರಿಯಲ್ಲಿ ಸಿಕ್ಕವರ ಮೊದಲ ಮಾತಾಗಿತ್ತು. ಮನೆಗೆ ತಂದು ನಮ್ಮ ಅತ್ತೆ ಏನು ಮಾಡುತ್ತಿದ್ದರು? ಜಗಲಿಯಲ್ಲಿ ಚೀಲ ಬಿಚ್ಚಿ ಒಂದೊಂದೇ ಹೊರಗೆ ಇಡುತ್ತಿದ್ದರು. ಸಕ್ಕರೆ, ಹೆಸರು, ಮೆಣಸಿನ ಹುಡಿ, ಎಣ್ಣೆ. ಪೇಪರಿನಲ್ಲಿ ಬಂದ ಪಟ್ಟಿಯ ಜೊತೆ ತಾಳೆ ನೋಡುತ್ತಿದ್ದರು. ಅಂಗಡಿಯಿಂದ ಹತ್ತು ಸಾಮಾನು ಬೇರೆ ಬೇರೆ ತಂದು ಅದೇ ಚೀಲಕ್ಕೆ ತುಂಬಿಸಿದರೆ ಅದನ್ನು ಕಿಟ್ ಅಂತ ಯಾರೂ ಕರೆಯುತ್ತಿರಲಿಲ್ಲ. ಅದು ಸಾಮಾನು ತಂದದ್ದು, ಅಷ್ಟೇ. ಚೀಲದ ವಿಷಯದಲ್ಲಿ ಇಷ್ಟು ಸರಿಯಾಗಿ ಬಳಸುವ ಪದವನ್ನು ಕಾರಿನ ಹತ್ತಿರ ಬಂದ ಕೂಡಲೇ ಯಾಕೆ ಬಿಟ್ಟುಕೊಡಬೇಕು?

ಹೆಸರು ಗಟ್ಟಿಯಾದದ್ದು ಇಂಗ್ಲೆಂಡಿನಲ್ಲಿ. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಲೋಟಸ್ ಸೆವೆನ್ ಅನ್ನುವ ಪುಟ್ಟ ಎರಡು ಸೀಟಿನ ಕಾರು ತಂದಿತು. ಆಗ ಅಲ್ಲಿ ಪೂರ್ತಿ ತಯಾರಾದ ಹೊಸ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿ ಭಾಗಗಳಾಗಿ ಕೊಂಡರೆ ಇರಲಿಲ್ಲ. ಜನ ಪೆಟ್ಟಿಗೆಯಲ್ಲಿ ಕೊಂಡು ಶನಿವಾರ ಭಾನುವಾರ ಮನೆಯಲ್ಲಿ ಜೋಡಿಸಿದರು. ಜೋಡಿಸುವ ಕ್ರಮವನ್ನು ಬರೆದು ಕೊಡುವ ಹಾಗಿಲ್ಲ ಅಂತ ನಿಯಮವಿತ್ತಂತೆ. ಅದಕ್ಕೆ ಕಂಪನಿಯವರು ಬಿಚ್ಚುವ ಕ್ರಮವನ್ನು ಬರೆದು ಕೊಟ್ಟರಂತೆ, ಕೊಂಡವರು ಅದನ್ನು ಕೆಳಗಿನಿಂದ ಮೇಲಕ್ಕೆ ಓದಿದರಂತೆ. 1973ರಲ್ಲಿ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂತು, ಆ ಲಾಭ ಅಲ್ಲಿಗೆ ಮುಗಿಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅವರು ಇಂದಿಗೂ ಅದೇ ಆಕಾರದ ಕಾರನ್ನು ಕಿಟ್ ಆಗಿ ಮಾರುತ್ತಾರೆ. ತೆರಿಗೆ ಲಾಭ ಹೋದ ಮೇಲೂ ಜನ ಜೋಡಿಸುವುದನ್ನು ಬಿಡಲಿಲ್ಲ. ಸ್ವಂತ ಕೈಯಲ್ಲಿ ಬೋಲ್ಟ್ ಬಿಗಿದ ಗಾಡಿಯಲ್ಲಿ ಕೂರುವ ಸುಖ ಅಂಥದ್ದು.

ಅಮೆರಿಕದಲ್ಲಿ ದಾರಿ ಬೇರೆ. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಅವರು ಫೈಬರ್‌ಗ್ಲಾಸ್‌ನಲ್ಲಿ ಮರಳದಿಬ್ಬದ ಮೇಲೆ ಓಡಿಸುವ ಬಗ್ಗಿ ಮಾಡಿದರು. ಅದೇ ಮೇಯರ್ಸ್ ಮ್ಯಾಂಕ್ಸ್. ಅದಕ್ಕೆ ಡೋನರ್ ಫೋಕ್ಸ್‌ವ್ಯಾಗನ್ ಬೀಟಲ್. ಬೀಟಲ್ ಯಾಕೆ ಅಂದರೆ, ಅದರ ಬಾಡಿಯನ್ನು ಅಡಿಯ ಚಾಸಿಗೆ ಬೋಲ್ಟಿನಲ್ಲಿ ಬಿಗಿದಿರುತ್ತಾರೆ. ಬೋಲ್ಟ್ ಬಿಚ್ಚಿದರೆ ಬಾಡಿ ಎತ್ತಿ ಪಕ್ಕಕ್ಕೆ ಇಡಬಹುದು. ಎಂಜಿನ್, ಚಕ್ರ, ಸ್ಟಿಯರಿಂಗ್ ಎಲ್ಲ ಕೆಳಗೇ ಉಳಿಯುತ್ತದೆ.

ಈಗ ನಮ್ಮ ನೀರ್ಚಾಲಿನ ಶೆಡ್ಡಿಗೆ ಬನ್ನಿ. ಅಳಿಯ, ಅಂದರೆ ಅಕ್ಕನ ಮಗ, ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ಸಂಜೆ ಕುಂಬಳೆಗೆ ರೈಲಿನಲ್ಲಿ ಬಂದು ಇಳಿಯುತ್ತಾನೆ, ರಾತ್ರಿಯೇ ಕೆಲಸ ಶುರು. ಮಳೆಗಾಲದಲ್ಲಿ ಮೊದಲ ಒಂದು ಗಂಟೆ ಬರೇ ತುಕ್ಕು ತಿಕ್ಕುವುದು. ಹಿಂದಿನ ವಾರ ಹೊಳೆಯುತ್ತಿದ್ದ ಕಬ್ಬಿಣ ಒಂದು ವಾರದಲ್ಲಿ ಕೆಂಪಗೆ ಆಗಿರುತ್ತದೆ. ತಿಕ್ಕದೆ ವೆಲ್ಡ್ ಕೂರುವುದಿಲ್ಲ. ಅಡಿಕೆ ಒಣಗಿಸುವ ತಿಂಗಳುಗಳಲ್ಲಿ ಶೆಡ್ಡಿನಲ್ಲಿ ಅರ್ಧ ಜಾಗ ಮಾತ್ರ ಅವನಿಗೆ.

ಅವನ ಗಾಡಿಯ ಚಾಸಿ 25 ಮಿಲಿಮೀಟರಿನ ಚೌಕ ಪೈಪಿನದು, ದಪ್ಪ 1.6 ಮಿಲಿಮೀಟರ್. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ಗುಜಿರಿಗೆ ಹೋಗಿದ್ದ ಒಂದು ಮಾರುತಿ ಓಮ್ನಿ ವ್ಯಾನಿನದು. ಓಮ್ನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಮಾರುತಿ 800ರಲ್ಲಿ ಅದೇ 796 ಸಿಸಿ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಅವನಿಗೆ ಬೇಕಾದದ್ದು ಮೊದಲನೆಯದು. ಇದನ್ನು ಅವನಿಗೆ ಯಾವ ತಯಾರಕನೂ ಹೇಳಿಕೊಡಲಿಲ್ಲ. ಎರಡು ಗಾಡಿಯ ಅಡಿಗೆ ಮಲಗಿ ನೋಡಿ ತಾನೇ ತೀರ್ಮಾನ ಮಾಡಿದ.

ಕಿಟ್ ಕೊಂಡವರಿಗೆ ಬಾರದ ಕಷ್ಟ ಎಂಥದ್ದು ಅನ್ನುವುದಕ್ಕೆ ಒಂದು ಭಾನುವಾರದ ಕೆಲಸ ಹೇಳುತ್ತೇನೆ. ಚಾಸಿಯ ಅಡಿಭಾಗದ ಪೈಪುಗಳನ್ನು ನೆಲದಲ್ಲಿ ಇಟ್ಟು ಅಲ್ಲಲ್ಲಿ ಟ್ಯಾಕ್, ಅಂದರೆ ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸುವ ಚುಕ್ಕಿ ವೆಲ್ಡ್, ಹಾಕಿದ. ಮೇಸ್ತ್ರಿಗಳು ಮನೆಯ ಪಾಯಕ್ಕೆ ಹಿಡಿಯುವ ಹಾಗೆ ಮೂಲೆಯಿಂದ ಮೂಲೆಗೆ ನೂಲು ಹಿಡಿದೆವು. ಎರಡೂ ಕಡೆಯ ಅಳತೆ ಒಂದೇ ಬಂತು. ಆಮೇಲೆ ಎಡಭಾಗದ ಎಲ್ಲ ಸಂದನ್ನೂ ಒಂದೇ ಉಸಿರಿಗೆ ಪೂರ್ತಿ ವೆಲ್ಡ್ ಮಾಡಿದ. ಬಿಸಿಗೆ ಕಬ್ಬಿಣ ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲೆ ನೂಲು ಹಿಡಿದರೆ 7 ಮಿಲಿಮೀಟರ್ ವ್ಯತ್ಯಾಸ. "ಮಾವ, ಹೀಗೆ ಬಿಟ್ಟರೆ ಗಾಡಿ ಏಡಿ ಹಾಗೆ ಓರೆ ಹೋಗ್ತದೆ" ಅಂದ. ಎರಡು ಸಂದು ಕೊಯ್ದು ತೆಗೆದ. ಮುಂದಿನ ವಾರ ಇಲ್ಲಿ ಒಂದು ಇಂಚು, ಆಮೇಲೆ ಎದುರು ಮೂಲೆಯಲ್ಲಿ ಒಂದು ಇಂಚು, ನಡುವೆ ತಣಿಯಲು ಬಿಟ್ಟು, ಮತ್ತೆ ಬೆಸೆದ. ಈ ಸಲ ನೂಲು ಸರಿ ಕೂತಿತು.

ಕಿಟ್ ತಯಾರಕರು ಇದನ್ನು ಜಿಗ್ ಅನ್ನುವ ಗಟ್ಟಿ ಚೌಕಟ್ಟಿಗೆ ಪೈಪು ಬಿಗಿದು ಮಾಡುತ್ತಾರೆ. ಹತ್ತನೆಯ ಚಾಸಿಯೂ ಮೊದಲನೆಯದರ ಹಾಗೇ ಇರುತ್ತದೆ. ಕೊಂಡವರ ಕೈಗೆ ಬರುವುದು ಮೂಲೆ ಸರಿಯಿರುವ ಚಾಸಿ. ತೂತುಗಳೂ ಬಿದ್ದಿರುತ್ತವೆ. ಕೇಟರ್‌ಹ್ಯಾಮ್ ಕಿಟ್ಟನ್ನು 80ರಿಂದ 100 ಗಂಟೆಯಲ್ಲಿ ಜೋಡಿಸಬಹುದು ಅನ್ನುತ್ತಾರೆ. ಅಳಿಯನಿಗೆ ಇದು ಎರಡನೇ ವರ್ಷ. ಅವನ ಗಾಡಿಯನ್ನು ಕಿಟ್ ಕಾರ್ ಅಂದರೆ, ಅಷ್ಟೂ ಭಾನುವಾರದ ಯೋಚನೆಯನ್ನು ಬೇರೆ ಯಾರೋ ಮಾಡಿಕೊಟ್ಟರು ಅಂದ ಹಾಗೆ. ಊಟದ ಪಂಕ್ತಿಯಲ್ಲಿ ನನಗೆ ಬೇಸರವಾದದ್ದು ಅದಕ್ಕೇ.

ಕನ್ನಡದಲ್ಲಿ ಇದಕ್ಕೆ ಬೇಕಾದ ಮಾತು ಆಗಲೇ ಇದೆ. ಬಸ್ಸಿಗೆ ಬಾಡಿ 'ಕಟ್ಟುತ್ತಾರೆ' ಅನ್ನುತ್ತೇವೆ. ಅಳಿಯ ಕಾರು ಕಟ್ಟುತ್ತಿದ್ದಾನೆ. ಕಿಟ್ ಕಾರನ್ನು ಜೋಡಿಸುತ್ತಾರೆ. ಆ ಎತ್ತರಿಸಿದ ಜೀಪನ್ನು ಆಲ್ಟರ್ ಮಾಡಿದ್ದಾರೆ. ಕ್ರಿಯಾಪದ ಸರಿ ಹಿಡಿದರೆ ಹೆಸರು ತಾನಾಗಿ ಸರಿಯಾಗುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಿಂದ ಬರುವ ಜೀಪುಗಳನ್ನೂ ಕೆಲವರು ಕಿಟ್ ಜೀಪ್ ಅನ್ನುತ್ತಾರೆ. ಅವನ್ನು ಅಲ್ಲಿನ ವರ್ಕ್‌ಶಾಪಿನವರು ಪೂರ್ತಿ ಮಾಡಿ ಕೀ ಕೊಟ್ಟು ಕಳಿಸುತ್ತಾರೆ. ಕೊಂಡವರು ಒಂದು ನಟ್ ತಿರುಗಿಸುವುದಿಲ್ಲ. ಅದಕ್ಕೆ ಕಿಟ್ ಅನ್ನುವುದು ಹೇಗೆ?

ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಈ ವಿಷಯದಲ್ಲಿ ನಮಗಿಂತ ಎಷ್ಟೋ ಶಿಸ್ತಿನದು. ತಯಾರಕನಿಂದ ಬಂದ ಹೊಸ ಭಾಗಗಳಿಂದಲೇ ಜೋಡಿಸಿದ ಗಾಡಿಗೆ ಒಂದು ಹೆಸರು. ಕಿಟ್ಟಿನ ಭಾಗ ಮತ್ತು ಹಳೆ ಗಾಡಿಯ ಭಾಗ ಸೇರಿಸಿದ್ದಕ್ಕೆ ಇನ್ನೊಂದು. ಇದ್ದ ಗಾಡಿಯನ್ನೇ ತುಂಬಾ ಬದಲಿಸಿದ್ದಕ್ಕೆ ಮತ್ತೊಂದು. ಹೊಸದಾಗಿ ಜೋಡಿಸಿದ ಗಾಡಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ರಸ್ತೆಗೆ ಬಿಡುವ ಏರ್ಪಾಟೂ ಅಲ್ಲಿದೆ.

ನಮ್ಮಲ್ಲಿ ಪದ ತಪ್ಪಿದರೆ ದುಡ್ಡೂ ಹೋಗುತ್ತದೆ. ವೀಡಿಯೊ ನೋಡಿ, ಕಿಟ್ ಕಾರ್ ಮಾಡಿ ಕಾಸರಗೋಡಿನ ಕೆಎಲ್-14 ನಂಬರ್ ಹಾಕಿಸುತ್ತೇನೆ ಅಂತ ಮನೆಯಲ್ಲಿ ಹಣ ಕೇಳುವ ಹುಡುಗರನ್ನು ಕಂಡಿದ್ದೇನೆ. ಹೊಸ ಗಾಡಿಯ ನೋಂದಣಿಗೆ ಮಾರಾಟದ ಫಾರ್ಮ್ 21 ಬೇಕು. ಸುರಕ್ಷತೆ, ಹೊಗೆಯ ನಿಯಮ ಪಾಲಿಸಿದೆ ಅಂತ ತಯಾರಕ ಸಹಿ ಹಾಕುವ ಫಾರ್ಮ್ 22 ಬೇಕು. ಅದಕ್ಕೂ ಮೊದಲು ಮಾದರಿ ಗಾಡಿ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಿರಬೇಕು. ಶೆಡ್ಡಿನಲ್ಲಿ ಕಟ್ಟಿದ ಒಂದೇ ಒಂದು ಗಾಡಿಗೆ ಈ ಸಹಿ ಯಾರು ಹಾಕುತ್ತಾರೆ? ಹಳೆ ಗಾಡಿಯ ಆರ್‌ಸಿ ಇಟ್ಟುಕೊಂಡು ಮೇಲಿನದೆಲ್ಲ ಬದಲಿಸುತ್ತೇನೆ ಅಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಕೇರಳದಿಂದಲೇ ಹೋದ ಪ್ರಕರಣ. ಅಳಿಯನಿಗೆ ಇದು ಮೊದಲಿನಿಂದಲೂ ಗೊತ್ತು. ಅವನ ಗಾಡಿ ತೋಟದ ದಾರಿ ಬಿಟ್ಟು ಹೊರಗೆ ಹೋಗುವುದಿಲ್ಲ.

ಉಳಿದ ಕಿಟ್‌ಗಳ ಬಗ್ಗೆ ಎರಡೇ ಮಾತು. ಬಾಡಿ ಕಿಟ್ ಅಂದರೆ ಬಂಪರ್, ಸ್ಕರ್ಟ್, ಸ್ಪಾಯ್ಲರ್. ಅದು ಕಾರಿಗೆ ಹಾಕುವ ಕಿಟ್. ಗ್ಯಾಸ್ ಕಿಟ್ ಕೂಡ ಹಾಗೆಯೇ. ಅದನ್ನು ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಲಿಕ್ಕಿದೆ, ಆದರೆ ಅದರಿಂದ ಗಾಡಿ ಕಿಟ್ ಕಾರ್ ಆಗುವುದಿಲ್ಲ. ವಿದೇಶದಿಂದ ಬಿಡಿ ಭಾಗಗಳಲ್ಲಿ ತಂದು ಇಲ್ಲಿನ ಫ್ಯಾಕ್ಟರಿಯಲ್ಲಿ ಜೋಡಿಸುವುದಕ್ಕೆ ಸಿಕೆಡಿ ಅನ್ನುತ್ತಾರೆ. ಮಹೀಂದ್ರಾದವರು ಮುಂಬೈಯಲ್ಲಿ ವಿಲ್ಲಿಸ್ ಜೀಪ್ ಶುರು ಮಾಡಿದ್ದು ಹಾಗೆ. ಅಲ್ಲಿ ಜೋಡಿಸುವುದು ಕಂಪನಿ, ಕೊಂಡವರಲ್ಲ.

ಆ ದಿನ ಪಾಯಸದ ಗಡಿಬಿಡಿಯಲ್ಲಿ, ಎಲ್ಲಿವರೆಗೆ ಬಂತು ಅಂತ ಪಕ್ಕ ಕೂತ ಭಾವ ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಹಿಂದಿನ ಆ್ಯಕ್ಸಲ್ ಕೂತಿದೆ. ಎಂಜಿನ್ ಒಂದು ಸಲ ಇಟ್ಟು ನೋಡಿ ಮತ್ತೆ ಇಳಿಸಿ ಆಗಿದೆ. ಈಗ ಬ್ರೇಕ್ ಪೈಪ್ ಎಳೆಯುವ ಕೆಲಸ ನಡೆದಿದೆ. ಶನಿವಾರ ರಾತ್ರಿ ಬಂದರೆ ಕಾಣಬಹುದು.