ಗಡಿ ಕಾಯುವ ಗುತ್ತಿಗೆ ಮತ್ತು ಪ್ರಧಾನ ಮಾಲೀಕನ ಹೊಣೆ

ಧಾರವಾಡದಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಬರುವ ದಾವೆಗಳಲ್ಲಿ ಗುತ್ತಿಗೆ ಕಾರ್ಮಿಕರ ಸಂಬಳದ ತಕರಾರುಗಳೇ ಹೆಚ್ಚು. ಗುತ್ತಿಗೆದಾರ ಕೈಯೆತ್ತಿದ್ದಾನೆ, ಕಚೇರಿಯವರು ‘ನೀವು ನಮ್ಮ ನೌಕರರೇ ಅಲ್ಲ’ ಎನ್ನುತ್ತಿದ್ದಾರೆ ಎಂದು ಕಸ ಗುಡಿಸುವವರೂ ಕಾವಲುಗಾರರೂ ಬಂದು ಹೇಳಿಕೊಳ್ಳುತ್ತಾರೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕನೇ, ಅಂದರೆ ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ, ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಕಲಮು ವಿಧಿಸಿದ್ದು ಈ ನುಣುಚಿಕೆಯನ್ನು ತಡೆಯಲೆಂದೇ. ಶ್ರೀಮಂತ ದೇಶಗಳು ವಲಸಿಗರನ್ನು ತಡೆಯುವ ಕೆಲಸವನ್ನು ಹಣ ಕೊಟ್ಟು ಬೇರೆ ದೇಶಗಳಿಗೆ ವಹಿಸುತ್ತಿರುವುದನ್ನು ನಾನು ಅದೇ ಕಣ್ಣಿನಿಂದ ನೋಡುತ್ತೇನೆ.

2009ರ ಮೇ ತಿಂಗಳಲ್ಲಿ ಇಟಲಿಯ ಹಡಗುಗಳು ಲಾಂಪೆಡೂಸಾ ದ್ವೀಪದ ದಕ್ಷಿಣಕ್ಕೆ ಸುಮಾರು 200 ಜನರನ್ನು ಹತ್ತಿಸಿಕೊಂಡು, ಅವರ ಹೆಸರು ಕೂಡ ಕೇಳದೆ, ಲಿಬಿಯಾದ ಟ್ರಿಪೊಲಿಗೆ ಒಪ್ಪಿಸಿದವು. ಅವರಲ್ಲಿ ಸೊಮಾಲಿಯಾ ಮತ್ತು ಎರಿಟ್ರಿಯಾದ 24 ಮಂದಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದರು. ಹಡಗು ಇಟಲಿಯದು, ಅದರಲ್ಲಿದ್ದವರ ಮೇಲಿನ ಹಿಡಿತವೂ ಇಟಲಿಯದು, ಆದ್ದರಿಂದ ನಡುಸಮುದ್ರದಲ್ಲಿಯೂ ಹೊಣೆ ಇಟಲಿಯದೇ ಎಂದು ಅರ್ಜಿದಾರರೊಬ್ಬರ ಹೆಸರಿನಿಂದ ಹಿರ್ಸಿ ಪ್ರಕರಣವೆಂದು ಕರೆಯಲಾಗುವ ಈ ದಾವೆಯ ತೀರ್ಪು 2012ರಲ್ಲಿ ಸ್ಪಷ್ಟಪಡಿಸಿತು.

ಸರ್ಕಾರಗಳು ಆ ತೀರ್ಪಿನಿಂದ ಕಲಿತದ್ದು ಮಾತ್ರ ಬೇರೆಯೇ ಪಾಠ. 2017ರ ಒಪ್ಪಂದದ ನಂತರ ಇಟಲಿಯು ಲಿಬಿಯಾದ ಕರಾವಳಿ ಕಾವಲುಪಡೆಗೆ ದೋಣಿ, ಹಣ, ತರಬೇತಿಗಳನ್ನು ಒದಗಿಸಿತು. ಜನರನ್ನು ಹಿಡಿದು ಮರಳಿ ಒಯ್ಯುವ ಕೈಗಳು ಮಾತ್ರ ಲಿಬಿಯಾದವು. ಅಲ್ಲಿನ ಬಂಧನ ಕೇಂದ್ರಗಳಲ್ಲಿ ನಡೆಯುವ ಚಿತ್ರಹಿಂಸೆ, ಸುಲಿಗೆ, ಅತ್ಯಾಚಾರಗಳನ್ನು ವಿಶ್ವಸಂಸ್ಥೆಯ ತನಿಖೆಗಳು ದಾಖಲಿಸಿವೆ. ಆದರೂ, ಇಟಲಿ ಕೊಟ್ಟ ದೋಣಿಯೊಂದು 2017ರ ನವೆಂಬರ್‌ನಲ್ಲಿ ರಕ್ಷಣಾ ಕಾರ್ಯಕ್ಕೆ ಅಡ್ಡಬಂದು ಜನ ಮುಳುಗಿ ಸತ್ತ ಪ್ರಕರಣದಲ್ಲಿ, ಆ ಸ್ಥಳದ ಮೇಲೆ ಇಟಲಿಗೆ ಪರಿಣಾಮಕಾರಿ ಹಿಡಿತ ಇರಲಿಲ್ಲವೆಂದು ಅದೇ ನ್ಯಾಯಾಲಯ 2025ರ ಜೂನ್‌ನಲ್ಲಿ ಅರ್ಜಿಯನ್ನು ಸ್ವೀಕರಿಸದೆ ಬಿಟ್ಟಿತು. ನ್ಯಾಯಪೀಠದ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಈ ನಿಲುವು ತಪ್ಪು.

ರುವಾಂಡಾಕ್ಕೆ ಆಶ್ರಯಾರ್ಥಿಗಳನ್ನು ಸಾಗಿಸುವ ಬ್ರಿಟನ್ನಿನ ಯೋಜನೆಯನ್ನು ಅಲ್ಲಿನ ಸುಪ್ರೀಂ ಕೋರ್ಟು 2023ರಲ್ಲಿ ತಡೆದದ್ದು ಸಮಾಧಾನದ ಸಂಗತಿ. ಅಪಾಯವಿರುವ ತಾಯ್ನಾಡಿಗೆ ಯಾರನ್ನೂ ಮರಳಿ ದೂಡಬಾರದು ಎಂಬ ನಿಯಮವನ್ನು, ದೂಡುವ ಕೆಲಸ ಮೂರನೆಯ ದೇಶಕ್ಕೆ ಬಿಟ್ಟರೂ ಮುರಿದಂತೆಯೇ ಎಂದು ಅದು ಕಂಡುಕೊಂಡಿತು.

ಇದು ನಮಗೆ ದೂರದ ಮಾತೇನಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕವು ಗಡೀಪಾರು ಮಾಡಿ ಪನಾಮಾಕ್ಕೆ ಕಳುಹಿಸಿದ ಬೇರೆ ಬೇರೆ ದೇಶಗಳ 299 ವಲಸಿಗರಲ್ಲಿ ಭಾರತೀಯರೂ ಇದ್ದರು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದರೂ, ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲ ಪ್ರದೇಶದಲ್ಲಿ ನೆಲೆಸಿದ ಚಕ್ಮಾ ಜನರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ಜೀವದ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿ ನಾಗರಿಕರಲ್ಲದವರನ್ನೂ ಕಾಯುತ್ತದೆಂದು 1996ರಲ್ಲೇ ಹೇಳಿದೆ.

ಗುತ್ತಿಗೆ ದಾವೆಗಳಲ್ಲಿ ನಾವು ಹಾಜರಿ ಪುಸ್ತಕ ಕೇಳುತ್ತೇವೆ, ಕೆಲಸ ಹೇಳಿದವರು ಯಾರು, ಬಿಲ್ಲು ಪಾವತಿಸಿದವರು ಯಾರು ಎಂದು ಕೇಳುತ್ತೇವೆ. ಸಮುದ್ರದ ಪ್ರಕರಣಗಳಲ್ಲಿಯೂ ದೋಣಿ ಯಾರದು, ಇಂಧನದ ಖರ್ಚು ಯಾರದು, ವಲಸಿಗರಿರುವ ಜಾಗವನ್ನು ತಿಳಿಸಿದವರು ಯಾರು ಎಂಬ ದಾಖಲೆಗಳನ್ನು ನ್ಯಾಯಾಲಯಗಳು ತರಿಸಿಕೊಂಡು ನೋಡಬೇಕು.