ಕಾಣದ ದೇಶದವರು ಹೀಗೇ ಎಂದು ಮೊದಲು ಹೇಳಿದವರು ಯಾರು?

ವಿಯೆನ್ನಾದ ಜನಪದ ವಸ್ತುಸಂಗ್ರಹಾಲಯದಲ್ಲಿ ಒಂದು ಹಳೆಯ ವರ್ಣಚಿತ್ರವಿದೆ. 18ನೇ ಶತಮಾನದ ಆರಂಭದ್ದು, ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದ್ದು. ಮೇಲೆ ಹತ್ತು ಜನ ತಮ್ಮ ತಮ್ಮ ದೇಶದ ಉಡುಪು ತೊಟ್ಟು ಸಾಲಾಗಿ ನಿಂತಿದ್ದಾರೆ. ಕೆಳಗೆ ಒಂದು ಪಟ್ಟಿ. ಸ್ವಭಾವ ಎಂಥದ್ದು, ಬುದ್ಧಿ ಎಷ್ಟು, ಯಾವ ಕಾಯಿಲೆ ಬರುತ್ತದೆ, ಯಾವ ಪ್ರಾಣಿಗೆ ಸಮ, ಸಾಯುವುದು ಎಲ್ಲಿ, ಹೀಗೆ 17 ವಿಷಯಕ್ಕೆ ಒಬ್ಬೊಬ್ಬನಿಗೂ ಒಂದೊಂದು ಉತ್ತರ. ಸ್ಪೇನಿನವನು ಹಾಸಿಗೆಯಲ್ಲಿ ಸಾಯುತ್ತಾನೆ, ಇಂಗ್ಲೆಂಡಿನವನು ನೀರಿನಲ್ಲಿ, ರಷ್ಯಾದವನು ಹಿಮದಲ್ಲಿ. ಪೋಲೆಂಡಿನವನು ಕರಡಿ, ರಷ್ಯಾದವನು ಕತ್ತೆ. ಜರ್ಮನ್ ಮಾತ್ರ ಸಿಂಹ. ಪಟ್ಟಿ ಬರೆದಿರುವುದೂ ಜರ್ಮನ್ ಭಾಷೆಯಲ್ಲೇ. ಕೊನೆಯ ಕಾಲಂನಲ್ಲಿ ‘ತುರ್ಕ ಅಥವಾ ಗ್ರೀಕ’ ಎಂದಿದೆ. ಆಗ ತುರ್ಕರು ಗ್ರೀಕರನ್ನು ಆಳುತ್ತಿದ್ದರು. ಆಳುವವನಿಗೂ ಆಳಿಸಿಕೊಳ್ಳುವವನಿಗೂ ಸೇರಿಸಿ ಒಂದೇ ಮುಖ!

ಆ ಪಟ್ಟಿಯಲ್ಲಿ ಒಂದು ಮನೆಯೂ ಖಾಲಿ ಇಲ್ಲ. ‘ಗೊತ್ತಿಲ್ಲ’ ಎಂದು ಎಲ್ಲೂ ಬರೆದಿಲ್ಲ. ಬೇರೆ ದೇಶದವರ ವಿಷಯದಲ್ಲಿ ನಮ್ಮ ಅಜ್ಞಾನದ ನಿಜವಾದ ತೊಡಕು ಇದೇ ಎನಿಸುತ್ತದೆ. ಗೊತ್ತಿಲ್ಲದ ಜಾಗವನ್ನು ಸುಮ್ನೆ ಖಾಲಿ ಬಿಡಲು ನಮಗೆ ಆಗುವುದಿಲ್ಲ. ಯಾರೋ ಹೇಳಿದ್ದನ್ನು ತಂದು ತುಂಬಿಬಿಡುತ್ತೇವೆ.

ಹೀಗೆ ತುಂಬಿದ್ದು ಎಷ್ಟು ಕಾಲ ಉಳಿಯುತ್ತದೆ ನೋಡಿ. ಕ್ರಿಸ್ತಪೂರ್ವ 400ರ ಸುಮಾರಿಗೆ ಕ್ಟೇಸಿಯಾಸ್ ಎಂಬ ಗ್ರೀಕ್ ವೈದ್ಯ ಪರ್ಷಿಯಾದ ರಾಜನ ಆಸ್ಥಾನದಲ್ಲಿದ್ದ. ಭಾರತಕ್ಕೆ ಅವನು ಬಂದವನೇ ಅಲ್ಲ. ಆದರೂ ಭಾರತದ ಬಗ್ಗೆ ಪುಸ್ತಕ ಬರೆದ. ಅಲ್ಲಿ ನಾಯಿತಲೆಯ ಜನರಿದ್ದಾರೆ, ಒಂದೇ ಕಾಲಿನವರಿದ್ದಾರೆ, ಅವರು ಬಿಸಿಲಲ್ಲಿ ಅಂಗಾತ ಮಲಗಿ ಆ ಪಾದವನ್ನೇ ಕೊಡೆಯಂತೆ ಹಿಡಿಯುತ್ತಾರೆ ಎಂದ. ಕ್ರಿಸ್ತಶಕ ಮೊದಲ ಶತಮಾನದಲ್ಲಿ ರೋಮಿನ ಪ್ಲಿನಿ ಅದನ್ನೇ ತನ್ನ ಪುಸ್ತಕಕ್ಕೆ ಇಳಿಸಿಕೊಂಡ. ಪ್ಲಿನಿಯನ್ನು ನೋಡಿ ಇನ್ನಷ್ಟು ಜನ ಬರೆದರು. 1493ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಜಗತ್ತಿನ ಚರಿತ್ರೆಯೊಂದರಲ್ಲಿ ಅದೇ ಒಂಟಿಕಾಲಿನವನು ಚಿತ್ರವಾಗಿ ಬಂದ. ಸುಮಾರು 1,900 ವರ್ಷ, ಬರೀ ನಕಲು.

ಅದೇ 1493ರಲ್ಲಿ ಕೊಲಂಬಸ್‌ನ ಪತ್ರವೂ ಅಚ್ಚಾಯಿತು. ಅನೇಕರು ಅಂದುಕೊಂಡಿದ್ದಂತೆ ವಿಕಾರ ರೂಪದ ಮನುಷ್ಯರು ತನಗೆ ಕಾಣಲಿಲ್ಲ, ಇಲ್ಲಿನವರು ನೋಡಲು ಚೆನ್ನಾಗಿದ್ದಾರೆ ಎಂದು ಅವನು ಬರೆದಿದ್ದ. ಕಣ್ಣಾರೆ ಕಂಡವನ ಮಾತು ಅದು. ಆದರೆ ಅದೇ ಪತ್ರದಲ್ಲಿ, ಇನ್ನೊಂದು ದ್ವೀಪದವರು ಮನುಷ್ಯರನ್ನು ತಿನ್ನುತ್ತಾರಂತೆ ಎಂಬ ಮಾತೂ ಇತ್ತು. ಅದು ಕೇಳಿದ್ದು. ಗೆದ್ದದ್ದು ಕೇಳಿದ ಮಾತೇ. ಆ ದ್ವೀಪದ ಕ್ಯಾರಿಬ್ ಜನರ ಹೆಸರಿನಿಂದಲೇ ‘ಕ್ಯಾನಿಬಲ್’ ಎಂಬ ಪದ ಹುಟ್ಟಿತು. 1503ರಲ್ಲಿ ಸ್ಪೇನಿನ ರಾಣಿ ಇಸಾಬೆಲ್ಲಾ, ಇಂಥ ನರಭಕ್ಷಕರನ್ನು ಹಿಡಿದು ಗುಲಾಮರನ್ನಾಗಿ ಮಾರಬಹುದು ಎಂದು ಅಪ್ಪಣೆ ಕೊಟ್ಟಳು. ಆಮೇಲೆ ಗುಲಾಮರು ಬೇಕಾದವರಿಗೆ, ಯಾವ ಊರಿನವರನ್ನಾದರೂ ಆ ಹೆಸರಿಟ್ಟು ಕರೆಯುವುದೇ ಸುಲಭದ ದಾರಿಯಾಯಿತು. ಇದನ್ನು ಓದಿದ ಮೇಲೆ, ‘ಸುಮ್ನೆ ಒಂದು ಮಾತು, ಅದರಿಂದ ಯಾರಿಗೇನು ನಷ್ಟ’ ಎನ್ನುವವರ ಜೊತೆ ನನಗೆ ಒಪ್ಪಲು ಆಗುವುದಿಲ್ಲ.

ಈ ಬಗೆಯ ಸಿದ್ಧ ಚಿತ್ರಕ್ಕೆ ನಾವೀಗ ಬಳಸುವ ‘ಸ್ಟೀರಿಯೋಟೈಪ್’ ಎಂಬ ಪದ ಬಂದದ್ದು ಛಾಪಖಾನೆಯಿಂದ. ಒಂದು ಪುಟದ ಅಚ್ಚುಮೊಳೆಗಳನ್ನು ಜೋಡಿಸಿದ ಮೇಲೆ ಇಡೀ ಪುಟವನ್ನೇ ಲೋಹದಲ್ಲಿ ಎರಕ ಹೊಯ್ದುಬಿಡುತ್ತಿದ್ದರು. ಆಮೇಲೆ ಮೊಳೆ ಜೋಡಿಸುವ ಕೆಲಸವಿಲ್ಲ, ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಆದರೆ ಒಂದು ಅಕ್ಷರ ತಪ್ಪಿದ್ದರೂ ಸರಿಪಡಿಸುವುದು ಬಹಳ ಕಷ್ಟ. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಮುದ್ರಕ ಫಿರ್ಮಾ ದಿದೋ ಇದಕ್ಕೆ ಆ ಹೆಸರು ಕೊಟ್ಟ. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅದನ್ನು ನಮ್ಮ ತಲೆಯೊಳಗಿನ ಚಿತ್ರಗಳಿಗೆ ಅನ್ವಯಿಸಿದರು. ಎಷ್ಟು ಸರಿಯಾದ ಪದ, ಅಲ್ವಾ?

ಹನ್ನೊಂದು ವರ್ಷದ ನಂತರ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಾಟ್ಜ್ ಮತ್ತು ಬ್ರೇಲಿ ಎಂಬ ಇಬ್ಬರು 100 ವಿದ್ಯಾರ್ಥಿಗಳ ಉತ್ತರಗಳನ್ನು ಪ್ರಕಟಿಸಿದರು. 84 ಗುಣಗಳ ಪಟ್ಟಿ ಕೊಟ್ಟು, ಹತ್ತು ಜನಾಂಗ ಮತ್ತು ದೇಶದವರಿಗೆ ಯಾವುದು ಹೊಂದುತ್ತದೆ ಎಂದು ಕೇಳಿದ್ದರು. ಸ್ಟೈರಿಯಾದ ಚಿತ್ರದ ಆಟವೇ ಮತ್ತೆ! ತುರ್ಕರಿಗೆ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ‘ಕ್ರೂರಿಗಳು’ ಎಂಬ ಉತ್ತರ. ಆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಒಬ್ಬ ತುರ್ಕನನ್ನೂ ಭೇಟಿಯಾದವರಲ್ಲ.

ಎರಕದ ಅಚ್ಚು ಬದಲಾಗುವುದೇ ಇಲ್ಲವೇ? ಬದಲಾಗುತ್ತದೆ, ಆದರೆ ಆ ಜನ ಬದಲಾದರು ಎಂಬ ಕಾರಣಕ್ಕಲ್ಲ. 1942ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದ ಮಿತ್ರ. ಆಗ ಅಮೆರಿಕನ್ನರು ರಷ್ಯನ್ನರಿಗೆ ‘ಶ್ರಮಜೀವಿಗಳು’, ‘ಧೈರ್ಯಶಾಲಿಗಳು’ ಎಂಬ ಮಾತು ಆರಿಸಿದ್ದರು. 1948ಕ್ಕೆ ಶೀತಲ ಸಮರ ಶುರುವಾಗಿತ್ತು. ಅದೇ ರಷ್ಯನ್ನರು ಆಗ ‘ಕ್ರೂರಿಗಳು’. ಆರು ವರ್ಷದಲ್ಲಿ ಒಂದು ದೇಶದ ಸ್ವಭಾವವೇ ತಿರುಗಿಬಿಡುತ್ತದೆಯೇ? ತಿರುಗಿದ್ದು ಸರ್ಕಾರಗಳ ಸಂಬಂಧ. 2005ರಲ್ಲಿ 49 ಸಂಸ್ಕೃತಿಗಳ ಜನರ ಮೇಲೆ ನಡೆದ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ‘ನಮ್ಮ ದೇಶದವರು ಇಂಥವರು’ ಎಂದು ಜನ ತಮ್ಮ ಬಗ್ಗೆಯೇ ಹೇಳಿದ ಮಾತು ಕೂಡ ಅಲ್ಲಿನವರ ನಿಜ ಸ್ವಭಾವಕ್ಕೆ ಹೊಂದಲಿಲ್ಲ.

ಹೆಚ್ಚು ಓದಿದರೆ ಇದು ಹೋಗುತ್ತದೆ ಎಂದು ನಾನೂ ನಂಬಿದ್ದೆ. ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ ಅವರ ಕೆಲಸ ಓದಿದ ಮೇಲೆ ಅಷ್ಟು ಸಲೀಸಾಗಿ ಹೇಳಲಾರೆ. ಜಗತ್ತಿನ ಒಂದು ವರ್ಷದ ಮಕ್ಕಳಲ್ಲಿ ಎಷ್ಟು ಜನಕ್ಕೆ ಯಾವುದಾದರೊಂದು ಲಸಿಕೆ ಸಿಕ್ಕಿದೆ, ಶೇ 20, 50, 80? 2017ರಲ್ಲಿ, ಓದಿದವರೇ ಹೆಚ್ಚಿರುವ ಶ್ರೀಮಂತ ದೇಶಗಳ ಜನರಿಗೆ ಅವರು ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು. ಸರಿ ಉತ್ತರ 80. ಅದನ್ನು ಆರಿಸಿದವರು ಶೇ 13ರಷ್ಟು ಮಾತ್ರ. ಕಣ್ಣುಮುಚ್ಚಿ ಆರಿಸಿದ್ದರೂ ಮೂವರಲ್ಲಿ ಒಬ್ಬರದು ಸರಿಯಾಗುತ್ತಿತ್ತು.

ನಕಲನ್ನು ನಿಲ್ಲಿಸಿದವರೂ ಇದ್ದಾರೆ. ಮಧ್ಯ ಏಷ್ಯಾದ ಅಲ್‌ಬಿರೂನಿ 1030ರ ಸುಮಾರಿಗೆ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ. ತನ್ನವರ ಪುಸ್ತಕಗಳಲ್ಲಿ ಈ ದೇಶದ ಬಗ್ಗೆ ಇರುವುದೆಲ್ಲ ಒಬ್ಬರಿಂದ ಒಬ್ಬರು ಎತ್ತಿಕೊಂಡದ್ದು ಎಂದು ಮೊದಲಲ್ಲೇ ಹೇಳಿದ. ಕಷ್ಟಪಟ್ಟು ಸಂಸ್ಕೃತ ಕಲಿತ. ತಮ್ಮ ದೇಶದಂಥ ದೇಶ ಬೇರೆ ಇಲ್ಲ ಎಂದು ಇಲ್ಲಿನವರು ತಿಳಿದಿದ್ದಾರೆ ಎಂದು ದೂರಿದ್ದೂ ಉಂಟು. ಆದರೆ ಹೊರಗಿನವರನ್ನು ಅವರು ಏಕೆ ದೂರ ಇಡುತ್ತಾರೆ ಎಂದು ಹುಡುಕುತ್ತಾ ಹೋದವನು, ಕಾರಣಗಳ ನಡುವೆ ಘಜ್ನಿಯ ಮಹಮೂದನ ದಾಳಿಗಳನ್ನೂ ಬರೆದಿಟ್ಟ. ಆ ದಾಳಿಗಳು ಈ ನಾಡಿನ ಏಳಿಗೆಯನ್ನು ಹಾಳುಮಾಡಿದವು, ಜನರನ್ನು ಧೂಳಿನ ಕಣಗಳಂತೆ ಚೆದುರಿಸಿದವು ಎಂದ. ಮಹಮೂದ ಅವನದೇ ದೊರೆಯಾಗಿದ್ದ.