ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಬಾಯಿ ಮುಚ್ಚಿಕೊಂಡಿರಬೇಕಾ?

ಓದುಗರ ಪ್ರಶ್ನೆ: "ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಪ್ರಾರ್ಥನೆ ನಿಷೇಧ. ಆದರೆ ಸಲಿಂಗಿಗಳ ಪರವಾದ ಕ್ಲಬ್ ಶಾಲೆಯೊಳಗೇ ನಡೆಯುತ್ತದೆ. ಇದು ಯಾವ ನ್ಯಾಯ? ಕ್ರೈಸ್ತ ವಿದ್ಯಾರ್ಥಿಗಳು ತಮ್ಮ ನಂಬಿಕೆ ಹೇಳುವಂತೆಯೇ ಇಲ್ವಾ?"

ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರೂ ಕೇಳುತ್ತಾರೆ, ಇಲ್ಲಿ ವಾಟ್ಸಾಪ್ ಫಾರ್ವರ್ಡ್ ಓದಿದವರೂ ಕೇಳುತ್ತಾರೆ. ಉತ್ತರ ಸರಳ: ಹೇಳಬಹುದು. ಹೇಳುತ್ತಲೂ ಇದ್ದಾರೆ.

ಮೊದಲು ಆ "ಪ್ರಾರ್ಥನೆ ನಿಷೇಧ"ದ ಮಾತು. ದಯವಿಟ್ಟು ಈ ಸಲವಾದರೂ ನಿಧಾನವಾಗಿ ಓದಿ. 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆದದ್ದು ನ್ಯೂಯಾರ್ಕ್‌ನ ಶಿಕ್ಷಣ ಅಧಿಕಾರಿಗಳು ಬರೆದುಕೊಟ್ಟಿದ್ದ ಪ್ರಾರ್ಥನೆಯನ್ನು. 1963ರಲ್ಲಿ ತಡೆದದ್ದು ಶಾಲೆಯೇ ನಡೆಸುತ್ತಿದ್ದ ಬೈಬಲ್ ವಾಚನವನ್ನು. ಸರ್ಕಾರ ಪ್ರಾರ್ಥನೆ ಮಾಡಿಸಬಾರದು, ಅಷ್ಟೆ. ಊಟಕ್ಕೆ ಮುಂಚೆ ಮಗು ತಾನಾಗಿ ಕೈ ಮುಗಿದರೆ ಆ ತೀರ್ಪುಗಳು ಅಡ್ಡ ಬರುವುದಿಲ್ಲ. ಬೈಬಲನ್ನು ಬ್ಯಾಗಿನಲ್ಲಿ ತರಬಹುದು, ಬಿಡುವಿನಲ್ಲಿ ಗೆಳೆಯರ ಜೊತೆ ಓದಬಹುದು. 1990ರಲ್ಲಿ ಟೆಕ್ಸಸ್‌ನ ಬರ್ಲ್‌ಸನ್‌ನಲ್ಲಿ ಹುಟ್ಟಿದ 'ಸೀ ಯು ಅಟ್ ದಿ ಪೋಲ್' ಕಾರ್ಯಕ್ರಮ ಈಗಲೂ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ತರಗತಿ ಶುರುವಾಗುವ ಮೊದಲು ಮಕ್ಕಳೇ ಶಾಲೆಯ ಧ್ವಜಸ್ತಂಭದ ಸುತ್ತ ನಿಂತು ಪ್ರಾರ್ಥಿಸುತ್ತಾರೆ. ನಿಷೇಧ ಇದ್ದಿದ್ದರೆ ಇದು ಶಾಲೆಯ ಅಂಗಳದಲ್ಲೇ ಇಷ್ಟು ವರ್ಷ ನಡೆಯುತ್ತಿತ್ತಾ?

ಇನ್ನು "ಅವರ ಕ್ಲಬ್‌ಗೆ ಮಾತ್ರ ಜಾಗ" ಅನ್ನುವುದು. ಇಲ್ಲಿ ಇತಿಹಾಸವೇ ತಲೆಕೆಳಗಾಗಿದೆ. 1984ರ ಈಕ್ವಲ್ ಆಕ್ಸೆಸ್ ಆಕ್ಟ್ ಬಂದದ್ದೇ ಕ್ರೈಸ್ತ ಸಂಘಟನೆಗಳ ಒತ್ತಾಯದಿಂದ. ಪಾಠಕ್ಕೆ ಸಂಬಂಧವಿಲ್ಲದ ಒಂದು ಕ್ಲಬ್‌ಗೆ ಹೈಸ್ಕೂಲು ಜಾಗ ಕೊಟ್ಟರೆ, ವಿಷಯ ಧರ್ಮವೋ ರಾಜಕೀಯವೋ ಅಂತ ನೋಡಿ ಇನ್ನೊಂದಕ್ಕೆ ಇಲ್ಲ ಅನ್ನುವಂತಿಲ್ಲ. ನೆಬ್ರಾಸ್ಕದ ಒಮಾಹಾದಲ್ಲಿ ಒಂದು ಹೈಸ್ಕೂಲು ಚೆಸ್ ಕ್ಲಬ್‌ಗೂ ಸ್ಕೂಬಾ ಡೈವಿಂಗ್ ಕ್ಲಬ್‌ಗೂ ಜಾಗ ಕೊಟ್ಟಿತ್ತು. ವಿದ್ಯಾರ್ಥಿನಿಯೊಬ್ಬಳು ಬೈಬಲ್ ಕ್ಲಬ್ ಕೇಳಿದಾಗ ಮಾತ್ರ ಆಗಲ್ಲ ಅಂದಿತು. 1990ರಲ್ಲಿ ಸುಪ್ರೀಂ ಕೋರ್ಟ್ 8-1ರಿಂದ ಅವಳ ಕಡೆ ನಿಂತಿತು.

ಅದೇ ಕಾನೂನನ್ನೇ ಮುಂದೆ ಸಲಿಂಗಿ ಮಕ್ಕಳೂ ಅವರ ಬೆಂಬಲಿಗರೂ ಸೇರುವ ಗೇ-ಸ್ಟ್ರೇಟ್ ಅಲಯನ್ಸ್ ಕ್ಲಬ್‌ಗಳು ಹಿಡಿದವು. ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಈಸ್ಟ್ ಹೈಸ್ಕೂಲಿನ ಮಕ್ಕಳು ಅಂಥ ಕ್ಲಬ್ ಕೇಳಿದರು. ಅದೊಂದಕ್ಕೇ ಇಲ್ಲ ಅನ್ನಲು ಕಾನೂನು ಬಿಡುವುದಿಲ್ಲವಲ್ಲ. 1996ರಲ್ಲಿ ಶಾಲಾ ಮಂಡಳಿ ಪಾಠಕ್ಕೆ ಸೇರದ ಕ್ಲಬ್‌ಗಳನ್ನೆಲ್ಲ ಮುಚ್ಚಿಬಿಟ್ಟಿತು! 2000ದಲ್ಲಿ ಆ ನಿರ್ಧಾರದಿಂದ ಹಿಂದೆ ಸರಿಯಿತು. ಒಬ್ಬರ ಹಕ್ಕು ಕಿತ್ತರೆ ಇನ್ನೊಬ್ಬರದು ಗಟ್ಟಿಯಾಗುತ್ತದೆ ಅಂದುಕೊಳ್ಳುವವರು ಈ ಊರಿನ ಕಥೆ ಓದಬೇಕು.

ಹಾಗಂತ ಏನು ಬೇಕಾದರೂ ಹೇಳಬಹುದಾ? ಇಲ್ಲಿ ವಿಷಯ ನಿಜಕ್ಕೂ ಕಷ್ಟದ್ದು. ಸುಪ್ರೀಂ ಕೋರ್ಟಿನ 1969ರ ಟಿಂಕರ್ ತೀರ್ಪಿನ ಪ್ರಕಾರ ವಿದ್ಯಾರ್ಥಿಗೆ ಮಾತಿನ ಹಕ್ಕಿದೆ. ಆದರೆ ಅದು ಶಾಲೆಯ ಕೆಲಸವನ್ನು ತೀರಾ ಕೆಡಿಸಬಾರದು, ಬೇರೆ ಮಕ್ಕಳ ಹಕ್ಕಿಗೆ ಧಕ್ಕೆ ತರಬಾರದು. ಸಲಿಂಗಿ ಮಕ್ಕಳ ಮೇಲಿನ ಕಿರುಕುಳದ ವಿರುದ್ಧ 1996ರಲ್ಲಿ 'ಡೇ ಆಫ್ ಸೈಲೆನ್ಸ್' ಶುರುವಾಯಿತು. ಅದಕ್ಕೆ ಎದುರಾಗಿ 2005ರಲ್ಲಿ ಕ್ರೈಸ್ತ ಗುಂಪುಗಳು 'ಡೇ ಆಫ್ ಟ್ರುತ್' ತಂದವು. ಜಗಳ ಟೀ ಶರ್ಟಿನ ಮೇಲೂ ಬಂತು. ಕ್ಯಾಲಿಫೋರ್ನಿಯಾದ ಪೋವೇಯಲ್ಲಿ ಸಲಿಂಗಕಾಮ ನಾಚಿಕೆಗೇಡು ಅಂತ ಬೈಬಲ್ ವಚನ ಸೂಚಿಸಿ ಬರೆದುಕೊಂಡು ಬಂದ ಹುಡುಗನನ್ನು ಶಾಲೆ ತಡೆಯಿತು. 2006ರಲ್ಲಿ ಮೇಲ್ಮನವಿ ಕೋರ್ಟ್ ಶಾಲೆಯ ಪರ ಹೇಳಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಹುಡುಗನ ವಾದ ಸರಿ ಅಂತಲ್ಲ, ವಿವಾದವೇ ಉಳಿದಿಲ್ಲ ಅನ್ನುವುದು ಅದಕ್ಕೆ ಕಾರಣ. ಇಲಿನಾಯ್‌ನ ನೇಪರ್‌ವಿಲ್‌ನಲ್ಲಿ 'ಬಿ ಹ್ಯಾಪಿ, ನಾಟ್ ಗೇ' (ಖುಷಿಯಾಗಿರಿ, ಸಲಿಂಗಿಯಾಗಬೇಡಿ) ಎಂಬ ಅಂಗಿಯ ವಿಷಯದಲ್ಲಿ 2011ರಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟ್ ವಿದ್ಯಾರ್ಥಿಗಳ ಪರ ನಿಂತಿತು. ಮ್ಯಾಸಚೂಸೆಟ್ಸ್‌ನ ಮಿಡಲ್‌ಬರೋದಲ್ಲಿ 'ಇರುವುದು ಎರಡೇ ಲಿಂಗ' ಎಂಬ ಅಂಗಿಯನ್ನು ಶಾಲೆ ತಡೆದದ್ದು ಸರಿ ಅಂತ 2024ರಲ್ಲಿ ಮತ್ತೊಂದು ಕೋರ್ಟ್ ಹೇಳಿತು. 2025ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸು ಕೈಗೆತ್ತಿಕೊಳ್ಳಲಿಲ್ಲ.

ನನ್ನ ನಿಲುವು ಇಷ್ಟು. ಮಗು ತನ್ನ ನಂಬಿಕೆಯನ್ನು ಧೈರ್ಯವಾಗಿ ಹೇಳಲಿ. ಪಕ್ಕದ ಬೆಂಚಿನ ಹುಡುಗನನ್ನು ಗುರಿ ಮಾಡಿ ನಾಚಿಸಲು ಹೊರಟಾಗ ಮೇಷ್ಟ್ರು ತಡೆಯಲೇಬೇಕು. ಆ ಹುಡುಗನೂ ಓದಲು ಬಂದವನೇ ಅಲ್ವಾ?

ನೀವು ಕೇಳಿಲ್ಲ, ಆದರೂ ಇಷ್ಟು ಹೇಳಿಬಿಡುತ್ತೇನೆ. ತರಗತಿಯಲ್ಲಿ ಓದಿಸುವ ಕಥೆಯೇ ನಮ್ಮ ನಂಬಿಕೆಗೆ ವಿರುದ್ಧ ಅನಿಸಿದರೆ? ಅದು ಅಪ್ಪ ಅಮ್ಮಂದಿರ ಹಕ್ಕಿನ ಪ್ರಶ್ನೆ. ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯಲ್ಲಿ ಎಲ್‌ಜಿಬಿಟಿ ಪಾತ್ರಗಳಿರುವ ಕಥೆ ಪುಸ್ತಕಗಳನ್ನು ಚಿಕ್ಕ ಮಕ್ಕಳ ತರಗತಿಗೂ ತಂದರು. ಬೇಡ ಅನ್ನುವವರಿಗೆ ಮೊದಲು ಕೊಟ್ಟಿದ್ದ ವಿನಾಯಿತಿಯನ್ನು 2023ರಲ್ಲಿ ತೆಗೆದರು. ಕೋರ್ಟಿಗೆ ಹೋದವರಲ್ಲಿ ಕ್ರೈಸ್ತರೂ ಇದ್ದರು, ಮುಸ್ಲಿಮರೂ ಇದ್ದರು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರಿಂದ ಅವರ ಪರವಾಗಿ ತಾತ್ಕಾಲಿಕ ಆದೇಶ ಕೊಟ್ಟಿತು. ಕೇಸು ಮುಗಿಯುವವರೆಗೆ ಶಾಲೆ ಆ ಪೋಷಕರಿಗೆ ಮುಂಚೆಯೇ ತಿಳಿಸಬೇಕು, ಬೇಡ ಅಂದರೆ ಅವರ ಮಗುವನ್ನು ಆ ಪಾಠದಿಂದ ಬಿಡಬೇಕು ಅಂದಿತು. ಉಳಿದ ಮಕ್ಕಳಿಗೆ ಆ ಪುಸ್ತಕ ಓದಿಸಬಾರದು ಅಂತ ಕೋರ್ಟ್ ಹೇಳಿಲ್ಲ.